ಮೂಲೆಯಮ್ಮನ ಕೈಗಳು

ಗೋಡೆಗೂ ಕಿವಿ ಇರುತ್ತದೆ ಎಂದು ಗಾದೆ ಕಟ್ಟಿದವರು ಕಣ್ಣಿನ ವಿಷಯ ಮರೆತಿದ್ದರು. ದೇಶದ ದೊಡ್ಡ ಬ್ಯಾಂಕಿನವರೂ ಅದನ್ನೇ ಮರೆತರು. ಬಡ್ಡಿದರ ಏರಿತೋ ಇಳಿಯಿತೋ ಎಂದು ಅಧ್ಯಕ್ಷರು ಟಿವಿಯಲ್ಲಿ ಘೋಷಿಸುವ ಹಿಂದಿನ ದಿನ, ಆ ಭಾಷಣ ಇಟ್ಟ ಕೋಣೆಗೆ ಅವರು ಮಾಡುತ್ತಿದ್ದ ಬಂದೋಬಸ್ತನ್ನು ನೋಡಬೇಕಿತ್ತು. ಬಾಗಿಲ ಸಂದಿಗೆ ದಪ್ಪ ರಬ್ಬರು, ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಒಳಗೆ ಹೋಗುವವರ ಮೊಬೈಲು ಹೊರಗಿನ ಡಬ್ಬಿಯಲ್ಲಿ. ಒಳಗೆ ಆಡಿದ ಮಾತು ಹೊರಗಿನ ಸೊಳ್ಳೆಗೂ ಕೇಳಿಸುವಂತಿರಲಿಲ್ಲ.

ಆ ಕೋಣೆಗೆ ಹೋಗುತ್ತಿದ್ದವರು ನಾಲ್ಕೇ ಜನ. ಅಧ್ಯಕ್ಷರು, ಅವರಿಗೆ ಭಾಷಣ ಬರೆದುಕೊಡುವ ಹಿರಿಯರು, ಕ್ಯಾಮೆರಾದವನು, ಮತ್ತು ಅವಳು. ಅಧ್ಯಕ್ಷರ ಬಾಯಿಮಾತನ್ನು ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಆಡಿ ತೋರಿಸುವುದು ಅವಳ ಕೆಲಸ. ಟಿವಿ ಪರದೆಯ ಕೆಳಮೂಲೆಯ ಪುಟ್ಟ ವೃತ್ತದೊಳಗೆ ಕಪ್ಪು ಅಂಗಿ ತೊಟ್ಟು ನಿಂತಿರುತ್ತಿದ್ದಳಾದ್ದರಿಂದ ಕಚೇರಿಯವರು ಅವಳಿಗೆ ‘ಮೂಲೆಯಮ್ಮ’ ಎಂದು ಹೆಸರಿಟ್ಟಿದ್ದರು. ಅವಳ ತಾಯಿಗೆ ಆ ವೃತ್ತದ ಮೇಲೆ ಬಲು ಸಿಟ್ಟು. “ಆ ಅಧ್ಯಕ್ಷನ ಮುಖದಲ್ಲಿ ನೋಡೋಕೇನಿದೆ? ಅವನನ್ನ ಮೂಲೆಗೆ ಹಾಕಿ ನಿನ್ನ ನಡುವೆ ತೋರಿಸ್ಬಾರ್ದಾ?” ಎಂದು ಪ್ರತಿ ಸಲ ಕೇಳುತ್ತಿದ್ದರು.

ಭಾಷಣವನ್ನು ಅವಳಿಗೆ ಮೊದಲೇ ತೋರಿಸಲೇಬೇಕಿತ್ತು. ಹಣಕಾಸಿನವರು ಮೂರು ತಿಂಗಳಿಗೊಂದು ಹೊಸ ಮಾತು ಹುಟ್ಟಿಸುತ್ತಾರೆ, ಅದಕ್ಕೆ ಸನ್ನೆ ಇರುವುದಿಲ್ಲ. ಅವಳು ಅಲ್ಲೇ ಕೂತು ಸನ್ನೆ ಕಟ್ಟಬೇಕು, ಕ್ಯಾಮೆರಾದ ಮುಂದೆ ಆಡಿ ನೋಡಬೇಕು, ಸರಿಬಾರದಿದ್ದರೆ ಬದಲಿಸಬೇಕು. ಈ ಸಲ ಬಂದದ್ದು ‘ಹಂತಹಂತವಾಗಿ ಸಡಿಲಿಕೆ’ ಎಂಬ ಮಾತು. ಬಡ್ಡಿಯನ್ನು ಈಗಲೂ ಇಳಿಸುತ್ತೇವೆ, ಮುಂದೆಯೂ ಮೆಟ್ಟಿಲಿಳಿದಂತೆ ಇಳಿಸುತ್ತ ಹೋಗುತ್ತೇವೆ ಎಂದರ್ಥ. ಅವಳು ಎಡತೋಳನ್ನು ಓರೆಯಾಗಿ ಚಾಚಿ, ಬಲಗೈಯ ಎರಡು ಬೆರಳುಗಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ನಿಂತು ನಿಂತು ಇಳಿಸಿದಳು. ಪುಟ್ಟ ಮಗು ಮೆಟ್ಟಿಲಿಳಿದ ಹಾಗೆ ಚೆನ್ನಾಗಿಯೇ ಇತ್ತು. ಆದರೆ ಕ್ಯಾಮೆರಾದವನು, “ಮೇಡಂ, ಇದ್ರಲ್ಲಿ ನೋಡಿದ್ರೆ ತೋಳ ಮೇಲೆ ಜೇಡ ಹತ್ತಿದ ಹಾಗೆ ಕಾಣುತ್ತೆ,” ಎಂದ. ಮಾರನೆಯ ದಿನ ಟಿವಿಯಲ್ಲಿ ಅವಳು ಬೆರಳುಗಳನ್ನು ಬಿಟ್ಟು ಅಂಗೈಯನ್ನು ಮಟ್ಟಸವಾಗಿ ಕೆಳಗಿಳಿಸಿದಳು.

ಬಡ್ಡಿ ಇಳಿಯುತ್ತದೆಂದು ಹೊರಗೆ ಯಾರೂ ಎಣಿಸಿರಲಿಲ್ಲ. ಆದರೆ ಆ ಬೆಳಿಗ್ಗೆ, ಅಧ್ಯಕ್ಷರು ಬಾಯಿ ತೆರೆಯುವುದಕ್ಕೆ ಸ್ವಲ್ಪ ಮುಂಚೆ, ಯಾರೋ ಸರ್ಕಾರಿ ಸಾಲಪತ್ರಗಳನ್ನು ರಾಶಿರಾಶಿಯಾಗಿ ಕೊಂಡಿದ್ದರು. ಬಡ್ಡಿ ಇಳಿದರೆ ಹಳೆಯ ಸಾಲಪತ್ರದ ಬೆಲೆ ಏರುತ್ತದೆ ಎಂಬುದು ಆ ಪೇಟೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಮಾರಿ, ದುಡ್ಡು ಬಾಚಿಕೊಂಡು ಮಾಯವಾಗಿದ್ದರು. ಹಿಂದಿನ ಎರಡು ಘೋಷಣೆಗಳ ಬೆಳಿಗ್ಗೆಯೂ ಹೀಗೇ ಆಗಿತ್ತೆಂದು ಆಮೇಲೆ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಪತ್ರಿಕೆಗಳು ಬರೆದವು. ಬೇಲಿ ಎಂದರೆ ಆ ನಾಲ್ಕು ಜನ.

ತನಿಖೆಗೆ ಬಂದ ಅಧಿಕಾರಿಗೆ ಸದಾ ನೆಗಡಿ. ಮಾತು ಮಾತಿಗೂ ಕರವಸ್ತ್ರ ತೆಗೆದು “ಕ್ಷಮಿಸಿ” ಎನ್ನುವ ಮನುಷ್ಯ. ಅವಳು ಮನಸ್ಸಿನಲ್ಲೇ ಅವರಿಗೆ ‘ನೆಗಡಿ ಸಾಹೇಬ’ ಎಂದು ಹೆಸರಿಟ್ಟು ಸ್ವಲ್ಪ ಧೈರ್ಯ ತಂದುಕೊಂಡಳು. ಆದರೂ ಕುಂಬಳಕಾಯಿ ಕಳ್ಳ ಎಂದರೆ ತಪ್ಪು ಮಾಡದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು.

“ಯಾರ ಹತ್ರಾನೂ ಏನೂ ಹೇಳಿಲ್ವಾ? ಬಾಯಿ ತಪ್ಪಿ?”

“ಇಲ್ಲ ಸರ್. ಅಮ್ಮನ ಹತ್ರಾನೂ ಇಲ್ಲ.”

“ಮನೇಲಿ ಯಾರ್ಯಾರಿದ್ದೀರಿ?”

“ಅಮ್ಮ, ನಾನು, ತಮ್ಮ. ತಮ್ಮ ಗ್ಯಾರೇಜಲ್ಲಿ ಕಾರಿಗೆ ಬಣ್ಣ ಹೊಡೀತಾನೆ. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ.”

“ಓ,” ಎಂದ ನೆಗಡಿ ಸಾಹೇಬರ ಮುಖದಲ್ಲಿ ಮರುಕ ಮೂಡಿತು. “ಹಾಗಾದ್ರೆ ಅವರ ಪ್ರಶ್ನೆಯೇ ಬರಲ್ಲ ಬಿಡಿ.”

ಹೀಗೆ ಮರುಕಪಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಕಿವಿ ಕೇಳದವನ ತಲೆಯೊಳಗೆ ಮಾತೇ ಹೋಗುವುದಿಲ್ಲವೆಂದು ತಿಳಿದವರಿಗೆ ಏನು ಹೇಳುವುದು? ಆ ದಿನ ಮಾತ್ರ ಸಿಟ್ಟು ಬರಲಿಲ್ಲ. ತಮ್ಮನ ಹೆಸರು ಪಟ್ಟಿಯಿಂದ ಜಾರಿತಲ್ಲ ಎಂದು ಹಾಯೆನಿಸಿತು. ಕೆಲವು ದಿನಗಳಲ್ಲೇ ಭಾಷಣ ಬರೆಯುವ ಹಿರಿಯರನ್ನು ಕೆಲಸದಿಂದ ದೂರವಿಟ್ಟರು. ಅವರ ಅಳಿಯ ಷೇರು ದಲ್ಲಾಳಿಯಂತೆ, ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಕೂತ ಮೇಜಿನಿಂದ ಕನ್ನಡಕದ ಡಬ್ಬಿ, ಹೊಟ್ಟೆನೋವಿನ ಮಾತ್ರೆ, ಬೆನ್ನಿಗಿಡುವ ದಿಂಬು ತೆಗೆದುಕೊಂಡು ಅವರು ಹೊರಟಾಗ ಯಾರೂ ತಲೆ ಎತ್ತಿ ನೋಡಲಿಲ್ಲ. “ಪಾಪ, ಮಾಡಿದ್ರೋ ಇಲ್ವೋ,” ಎಂದು ಅವಳೂ ಎಲ್ಲರಂತೆ ಅಂದು ಸುಮ್ಮನಾದಳು.

ಹಗರಣ ದೊಡ್ಡದಾದಂತೆ ಟಿವಿಯವರು ಆ ಭಾಷಣದ ತುಣುಕನ್ನು ಮತ್ತೆ ಮತ್ತೆ ತೋರಿಸತೊಡಗಿದರು. ಒಂದು ಸಂಜೆ ಊಟಕ್ಕೆ ಕೂತಾಗಲೂ ಅದೇ ಬಂತು. ತಾಯಿ ಗುಂಡಿ ಹೊಲಿಯುತ್ತ ಕೂತಿದ್ದರು. ತಮ್ಮ ತಟ್ಟೆ ಪಕ್ಕಕ್ಕಿಟ್ಟು ಪರದೆಯ ಮೂಲೆಯನ್ನೇ ನೋಡಿದ. ಅಕ್ಕನ ಸನ್ನೆಗೆ ಅವನಷ್ಟು ಕಟ್ಟುನಿಟ್ಟಿನ ಪರೀಕ್ಷಕ ಬೇರೆ ಇರಲಿಲ್ಲ. ಮೂರು ವರ್ಷದವನಿದ್ದಾಗಿನಿಂದ ಅವಳೇ ಅವನಿಗೆ ಕೈಮಾತು ಕಲಿಸಿದವಳು. ಈಗ ಅವನು ಅವಳ ತಪ್ಪು ಹುಡುಕುವಷ್ಟು ಬೆಳೆದಿದ್ದ. ಅವರಿಬ್ಬರ ನಡುವಿನ ಮಾತೆಲ್ಲ ಕೈಯದೇ, ಇಲ್ಲಿ ಬಾಯಿಮಾತಿನಂತೆ ಬರೆದಿದೆ ಅಷ್ಟೆ.

“ಆ ನಡೆಯೋ ಬೆರಳು ಯಾಕೆ ಬಿಟ್ಟೆ?” ಎಂದು ಕೇಳಿದ ತಮ್ಮ. “ಇದು ಚೆನ್ನಾಗಿಲ್ಲ. ಕೈ ಒರೆಸಿದ ಹಾಗಿದೆ.”

“ಯಾವ ನಡೆಯೋ ಬೆರಳು?”

ಅವನು ಎಡತೋಳು ಚಾಚಿದ. ಬಲಗೈಯ ಎರಡು ಬೆರಳು ಮೊಣಕೈಯಿಂದ ಮಣಿಕಟ್ಟಿನತ್ತ ನಿಂತು ನಿಂತು ಇಳಿದವು.

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಸನ್ನೆ ಹುಟ್ಟಿದ್ದು ರಬ್ಬರು ಬಾಗಿಲಿನ ಕೋಣೆಯಲ್ಲಿ, ಸತ್ತದ್ದೂ ಅಲ್ಲೇ. ಟಿವಿಯಲ್ಲಿ ಅದು ಬಂದೇ ಇರಲಿಲ್ಲ.

“ಇದನ್ನ ಎಲ್ಲಿ ನೋಡಿದೆ?”

“ಇಲ್ಲೇ. ಹಿಂದಿನ ದಿನ ಸಾಯಂಕಾಲ ಪಾತ್ರೆ ತೊಳೀತಾ ಮಾಡ್ತಿದ್ದೆಯಲ್ಲ. ತೋಳೆಲ್ಲ ಸೋಪಿನ ನೊರೆ.” ಅವನು ಎದ್ದು ನಿಂತು ಅವಳನ್ನು ಅಣಕಿಸಿದ. ತಲೆ ತಗ್ಗಿಸಿ, ಒಂದು ತಟ್ಟೆ ಉಜ್ಜಿ, ನಿಂತು, ಬಡ್ಡಿ, ಇಳಿಕೆ, ಮತ್ತೆ ಉಜ್ಜಿ, ಇಳಿಕೆ, ಮೆಟ್ಟಿಲು ಮೆಟ್ಟಿಲು. “ನೀನು ಯಾವಾಗ್ಲೂ ಹಾಗೇ ಅಕ್ಕ. ಆ ಕೆಲಸ ಇದ್ದ ದಿನ ನಿನ್ನ ಕೈ ತನ್ನಷ್ಟಕ್ಕೆ ಮಾತಾಡ್ತಾ ಇರುತ್ತೆ.”

ತಾಯಿ ನಕ್ಕುಬಿಟ್ಟರು, ಅಣಕ ಅಷ್ಟು ಚೆನ್ನಾಗಿತ್ತು. ಅವಳು ಮಾತ್ರ ತನ್ನ ಕೈಗಳನ್ನೇ ನೋಡಿಕೊಂಡಳು. ಬಾಯಿಮಾತಿನ ಜನ ಒಬ್ಬರೇ ಇದ್ದಾಗ ತುಟಿ ಅಲ್ಲಾಡಿಸುತ್ತಾರೆ, ಗೊಣಗುತ್ತಾರೆ. ಕೈಮಾತಿನಲ್ಲಿ ಬೆಳೆದವಳ ಗೊಣಗಾಟ ಕೈಯಲ್ಲೇ ಇರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದವಳು ಕೈಗೆ ಬೀಗ ಹಾಕಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಆ ದೊಡ್ಡ ಬ್ಯಾಂಕಿಗೂ ಹೊಳೆದಿರಲಿಲ್ಲ.

“ಯಾರಿಗಾದ್ರೂ ಹೇಳಿದ್ಯಾ?”

ತಮ್ಮ ಕಣ್ಣು ಮುಚ್ಚಿಕೊಂಡ. ಬೇಡದ ಮಾತು ಬಂದಾಗ ಅವನು ಹಾಗೆಯೇ ಮಾಡುತ್ತಿದ್ದ. ಅವಳು ಮೊಣಕಾಲು ತಟ್ಟಿದಳು, ಮತ್ತೆ ತಟ್ಟಿದಳು. ಕೊನೆಗೆ ಒಂದೇ ಕಣ್ಣು ತೆರೆದ.

“ಬೈಬೇಡ. ನಾನು ಒಬ್ಬನಿಗೆ ಮೋಸ ಮಾಡಿದ್ದೀನಿ.”

“ಯಾರಿಗೆ?”

“ಗೆಳೆಯನಿಗೆ.”

ಗೆಳೆಯ ಎಂದರೆ ಬಿಳಿ ಕಾರಿನವನು. ಅವನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ವರ್ಷದ ಹಿಂದೆ ಕಾರಿನ ಗೀರು ಅಳಿಸಲು ಗ್ಯಾರೇಜಿಗೆ ಬಂದವನು, ತಮ್ಮನ ಕೆಲಸ ನೋಡಿ ಮೆಚ್ಚಿ, ಅವನ ಅಕ್ಕ ಟಿವಿಯಲ್ಲಿ ಬರುವವಳೆಂದು ತಿಳಿದು ಬೆರಗಾಗಿ, ಮತ್ತೆ ಮತ್ತೆ ಬಂದು, ಕೈಸನ್ನೆ ಕಲಿಸು ಎಂದು ಹಟ ಹಿಡಿದ. ಮೊದಮೊದಲು ಕೈಕಾಲು ಬಡಿಯುವ ಕೂಸಿನಂತೆ ಆಡುತ್ತಿದ್ದವನು ಆರು ತಿಂಗಳಲ್ಲಿ ಹರಟೆ ಹೊಡೆಯುವಷ್ಟು ಕಲಿತುಬಿಟ್ಟ. ಕಿವಿ ಕೇಳುವವನೊಬ್ಬ ಯಾವ ನೆಂಟಸ್ತಿಕೆಯೂ ಇಲ್ಲದೆ, ಯಾವ ಸಂಬಳವೂ ಇಲ್ಲದೆ, ತನಗೋಸ್ಕರ ತನ್ನ ಭಾಷೆ ಕಲಿತ ಎಂದು ತಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅಕ್ಕನಿಗೂ ಸಂತೋಷವಾಗಿತ್ತು. ಲೋಕದಲ್ಲಿ ಒಳ್ಳೆಯವರೂ ಇದ್ದಾರೆ ಎಂದುಕೊಂಡಿದ್ದಳು.

“ಅವನು ಪಂದ್ಯ ಕಟ್ತಾನೆ,” ಎಂದ ತಮ್ಮ. “ಬಡ್ಡಿ ಮೇಲೋ ಕೆಳಗೋ ಅಂತ. ಸೋತವರು ಸಿನಿಮಾ ತೋರಿಸ್ಬೇಕು. ಹಿಂದಿನ ದಿನ ಸಾಯಂಕಾಲ ವೀಡಿಯೊ ಕಾಲ್ ಮಾಡಿ, ಏನಂತೀಯಾ ಅಂತ ಕೇಳ್ತಾನೆ. ನಾನು ನಿನ್ನ ಕೈ ನೋಡಿ ಹೇಳಿಬಿಡ್ತಿದ್ದೆ. ಮೂರು ಸಲಾನೂ ಗೆದ್ದೆ. ಅವನಿಗೆ ಗೊತ್ತೇ ಇಲ್ಲ, ಪಾಪ. ನಾನು ಬುದ್ಧಿವಂತ ಅಂತ ತಿಳ್ಕೊಂಡಿದ್ದಾನೆ.” ಅವನ ಮುಖ ನಾಚಿಕೆಯಿಂದ ಕೆಂಪಾಗಿತ್ತು. “ಅವನ ಹತ್ರ ನಿಜ ಹೇಳ್ಬಿಡ್ಲಾ ಅಕ್ಕ? ಮೂರು ಸಿನಿಮಾದ ದುಡ್ಡು ವಾಪಸ್ ಕೊಡ್ಬೇಕು ಅನ್ಸುತ್ತೆ.”

ತಾಯಿಯ ಕೈಯಲ್ಲಿದ್ದ ಸೂಜಿ ನಿಂತಿತು. ಅವರ ಮುಖದಲ್ಲಿ ನಗು ಇರಲಿಲ್ಲ.

ಅವಳಿಗೆ ಹುತ್ತಕ್ಕೆ ಕೈ ಹಾಕಿದಾಗ ಒಳಗೆ ಏನೋ ಮೆತ್ತಗೆ ಸರಿದಂತಾಯಿತು. ಇವನಿಗೆ ಹೇಗೆ ಹೇಳುವುದು? ನಿನ್ನ ಗೆಳೆಯ ನಿನಗೋಸ್ಕರ ಕಲಿಯಲಿಲ್ಲ, ನನ್ನ ಕೈಗೋಸ್ಕರ ಕಲಿತ ಎಂದೇ? ಅವಳು, “ಅವನಿಗೆ ಏನೂ ಹೇಳ್ಬೇಡ. ಯಾರಿಗೂ ಏನೂ ಹೇಳ್ಬೇಡ,” ಎಂದಷ್ಟೇ ಹೇಳಿದಳು.

“ಹೇಗೆ ಹೇಳ್ಲಿ? ಹೋದ ವಾರದಿಂದ ಫೋನೇ ತೆಗೀತಿಲ್ಲ,” ಎಂದ ತಮ್ಮ. “ಹುಷಾರಿಲ್ವೇನೋ.”

ಅವನು ಮಲಗಲು ಹೋದ ಮೇಲೆ ತಾಯಿ ಬಾಗಿಲು ಮುಂದಕ್ಕೆ ಮಾಡಿದರು. ಹಾಗೆ ಮಾಡುವ ಅಗತ್ಯವೇ ಇರಲಿಲ್ಲ, ಆದರೂ ದನಿ ತಗ್ಗಿಸಿದರು. “ನೀನು ಬಾಯಿ ಬಿಡ್ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಯಾರಿಗೂ ಗೊತ್ತಿಲ್ಲ.”

“ಅಮ್ಮ, ಆ ಭಾಷಣ ಬರೆಯೋರನ್ನ ಕೆಲಸದಿಂದ ತೆಗೆದಿದ್ದಾರೆ. ಅವರು ಏನೂ ಮಾಡಿಲ್ಲ.”

“ಅವರಿಗೆ ಬಾಯಿ ಇದೆ, ಹೇಳ್ಕೋತಾರೆ,” ಎಂದರು ತಾಯಿ. ಆಮೇಲೆ ಅವರ ದನಿ ಒಡೆಯಿತು. “ಇವನನ್ನ ಒಳಗೆ ಹಾಕಿದ್ರೆ ಅಲ್ಲಿ ಯಾರ ಜೊತೆ ಮಾತಾಡ್ತಾನೆ? ಒಂದು ಮಾತು, ಒಂದೇ ಒಂದು ಮಾತು ಆಡೋಕೆ ಅಲ್ಲಿ ಯಾರಿದ್ದಾರೆ ಇವನಿಗೆ?”

ಜೈಲೆಂದರೆ ಬೇರೆಯವರಿಗೆ ಗೋಡೆ, ಅವನಿಗೆ ಬಾಯಿಕಟ್ಟು. ಕೈ ಎತ್ತಿದರೆ ಏನೆಂದು ಅರ್ಥವಾಗದ ಜನರ ನಡುವೆ ಅವನು ವರ್ಷಗಟ್ಟಲೆ ಕೂತಿರುವುದು ಅವಳ ಕಣ್ಣ ಮುಂದೆ ಬಂತು.

ಅಂದಿನಿಂದ ಅವಳಿಗೆ ತನ್ನ ಕೈಯ ಮೇಲೆಯೇ ಹೆದರಿಕೆ. ಬಸ್ಸಿನಲ್ಲಿ ಜೇಬಿನೊಳಗೆ ಕೈ ತುರುಕಿಕೊಂಡು ಕೂರುವಳು. ಒಳಗೆ ಬೆರಳು ಅಲ್ಲಾಡಿದರೆ ಉಗುರಿನಿಂದ ಚಿವುಟುವಳು. ಎದುರು ಸೀಟಿನವನು ಮೊಣಕಾಲ ಕಡೆ ನೋಡಿದರೂ ಸಾಕು, ಅವನಿಗೆ ಸನ್ನೆ ಬರುತ್ತದೆ ಎಂದುಕೊಂಡು ಮುಂದಿನ ನಿಲ್ದಾಣದಲ್ಲೇ ಇಳಿಯುವಳು. ಪಾತ್ರೆಯನ್ನು ತಾಯಿಯೇ ತೊಳೆಯತೊಡಗಿದರು. ಕಚೇರಿಯ ಮೆಟ್ಟಿಲ ಮೇಲೆ ಹಿಂದಿನಿಂದ ಬರುವ ಹೆಜ್ಜೆ ಸದ್ದೆಲ್ಲ ತನ್ನನ್ನು ಹಿಡಿಯಲು ಬಂದವರದು ಎನಿಸುತ್ತಿತ್ತು. ಒಂದು ಮಧ್ಯಾಹ್ನ ಧೈರ್ಯ ಮಾಡಿ ನೆಗಡಿ ಸಾಹೇಬರ ಬಾಗಿಲವರೆಗೂ ಹೋದಳು. ಒಳಗೆ ಸೀನಿದ ಸದ್ದು ಕೇಳಿಸಿತು, ಅಷ್ಟಕ್ಕೇ ಬೆವತು ವಾಪಸ್ಸು ಬಂದಳು. ಬರುವ ದಾರಿಯಲ್ಲೇ ಹಿರಿಯರ ಖಾಲಿ ಮೇಜು. ಅದರ ಮೇಲೆ ಆಗಲೇ ಯಾರೋ ತಮ್ಮ ಟೀ ಲೋಟ ಇಟ್ಟಿದ್ದರು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಹೇಸಿಗೆಗಿಂತ ಭಯ ದೊಡ್ಡದಾಗಿತ್ತು, ಆದ್ದರಿಂದ ಮುಂದೆ ನಡೆದಳು.

ಬಡ್ಡಿಯ ಮುಂದಿನ ಘೋಷಣೆ ಬರುವ ಮೊದಲೇ ಅವರು ಬಂದರು. ಗಲಾಟೆಯಿಲ್ಲ, ಬೂಟಿನ ಸದ್ದಿಲ್ಲ. ಒಬ್ಬ ಹೆಂಗಸು ಅವಳ ಮೇಜಿನ ಬಳಿ ನಿಂತು, “ಸ್ವಲ್ಪ ನಮ್ಮ ಆಫೀಸಿಗೆ ಬರ್ಬೇಕಂತೆ,” ಎಂದಳು, ಮದುವೆಗೆ ಕರೆಯುವಷ್ಟು ಮೆತ್ತಗೆ.

ನೆಗಡಿ ಸಾಹೇಬರು ಒಂದು ಫೋಟೋವನ್ನು ಮೇಜಿನ ಮೇಲಿಟ್ಟರು. ಸಿನಿಮಾ ಮಂದಿರದ ಮುಂದೆ ಇಬ್ಬರು ನಗುತ್ತ ನಿಂತಿದ್ದರು. ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲಿತ್ತು.

“ಈ ಬಿಳಿ ಕಾರಿನವರ ಕಂಪನಿಯೇ ಆ ಸಾಲಪತ್ರ ಕೊಂಡಿದ್ದು,” ಎಂದರು ಸಾಹೇಬರು. “ಕ್ಷಮಿಸಿ.” ಮೂಗು ಒರೆಸಿಕೊಂಡರು. “ನಿನ್ನೆ ಗಡಿಯಲ್ಲಿ ಸಿಕ್ಕಿದ್ರು. ಪಕ್ಕದಲ್ಲಿರೋರು ನಿಮ್ಮ ತಮ್ಮ ತಾನೇ?”

ಅವಳು ತಲೆಯಾಡಿಸಿದಳು.

“ಅವರು ಏನ್ ಹೇಳ್ತಿದ್ದಾರೆ ಗೊತ್ತಾ? ಆ ಹುಡುಗ ತಾನಾಗಿ ಬಂದು ಗುಟ್ಟು ಮಾರಿದ, ಅವರಕ್ಕನ ಹತ್ರ ಇದ್ದ ಭಾಷಣ ಕದ್ದು ತಂದ, ದುಡ್ಡು ಕೇಳಿದ ಅಂತ. ಹಾಗೇ ಆಗಿದ್ರೆ ನಿಮ್ಮದೇನೂ ಇಲ್ಲ, ನೀವು ಮನೆಗೆ ಹೋಗ್ಬಹುದು. ನಿಮ್ಮ ತಮ್ಮನ್ನ ಮಾತ್ರ ಕರೆಸಿದ್ದೀವಿ.”

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎಂದರೆ ಏನೆಂದು ಅವಳಿಗೆ ಆಗ ಅರ್ಥವಾಯಿತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಾಹೇಬರು ಕೈ ಎತ್ತಿ ತಡೆದರು. “ಈಗ ಬೇಡ. ಮೊದಲು ಅವರ ಹೇಳಿಕೆ ಆಗ್ಲಿ. ಅವರಿಗೆ ಬೇರೆ ದುಭಾಷಿ ಬರ್ತಿದ್ದಾರೆ, ದಾರೀಲಿ ಸಿಕ್ಕಿಹಾಕ್ಕೊಂಡಿದ್ದಾರೆ. ಅಲ್ಲೀವರೆಗೂ ಅಕ್ಕ ತಮ್ಮ ಮಾತಾಡೋ ಹಾಗಿಲ್ಲ.”

ಅವಳನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಕಾರಿಡಾರಿನಾಚೆ, ಎದುರಿಗೇ, ಅಂಥದೇ ಇನ್ನೊಂದು ಗಾಜಿನ ಕೋಣೆ. ಸ್ವಲ್ಪ ಹೊತ್ತಿಗೆ ಅದರೊಳಕ್ಕೆ ತಮ್ಮನನ್ನು ತಂದು ಕೂರಿಸಿದರು. ಬೆರಳ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಮೆತ್ತಿಕೊಂಡಿತ್ತು, ಕೆಲಸದ ನಡುವಿನಿಂದಲೇ ಎಬ್ಬಿಸಿ ತಂದಿದ್ದರು. ಆ ಬಾಗಿಲನ್ನೂ ಗಟ್ಟಿಯಾಗಿ ಹಾಕಿ, ಎಳೆದು ನೋಡಿ, ಕಾವಲಿನವನು ಹೊರಟುಹೋದ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಅವರಿಬ್ಬರ ಮಾತಿಗೆ ಗಾಜು ಎಂದು ಅಡ್ಡಿಯಾಗಿತ್ತು?

ತಮ್ಮ ಅವಳನ್ನು ಕಂಡದ್ದೇ ಎದ್ದು ನಿಂತ. “ಅಕ್ಕ, ಏನಾಯ್ತು? ನಾನು ಏನ್ ಹೇಳ್ಲಿ?”

ಅವಳು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಅದುಮಿ ಹಿಡಿದಳು.

“ಏನ್ ಹೇಳ್ಲಿ ಅಕ್ಕ?”

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಊಹೆ ಮಾಡಿದೆ ಅಂತ ಹೇಳು, ಎಂಬ ಒಂದೇ ಮಾತು ಸಾಕಿತ್ತು. ಯಾರ ಕೈಯನ್ನೂ ನೋಡಿಲ್ಲ, ಗೆಳೆಯರ ಪಂದ್ಯ, ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ, ಹೊಂದಿಕೊಂಡಿತು. ಕದ್ದ ಭಾಷಣ ಎಲ್ಲಿದೆ ತೋರಿಸಿ ಎಂದರೆ ಬಿಳಿ ಕಾರಿನವನು ಏನು ತೋರಿಸಿಯಾನು? ಇಬ್ಬರೂ ಮನೆಗೆ ಹೋಗಬಹುದಿತ್ತು. ಹಿರಿಯರ ಮೇಲಿನ ಅನುಮಾನ ಹಾಗೇ ಉಳಿಯುತ್ತಿತ್ತು, ಅಷ್ಟೇ ತಾನೇ. ಅವಳ ಬೆರಳುಗಳು ಆ ಮಾತಿನ ಮೊದಲ ಸನ್ನೆಗೆ ಆಗಲೇ ಮಡಿಚಿಕೊಳ್ಳುತ್ತಿದ್ದವು. ಅವಳು ಮತ್ತೂ ಬಿಗಿಯಾಗಿ ಅದುಮಿದಳು.

ತಮ್ಮ ಅವಳ ಮಡಿಲನ್ನೇ ನೋಡುತ್ತಿದ್ದ. ಕೈಮಾತು ಕಲಿತಾಗಿನಿಂದ ಅಕ್ಕ ಅವನಿಗೆ ಉತ್ತರ ಕೊಡದೆ ಇದ್ದದ್ದೇ ಇಲ್ಲ.

“ಕೋಪನಾ?” ಎಂದು ಕೇಳಿದ. “ನನಗೆ ನಮ್ಮಿಬ್ಬರ ಫೋಟೋ ತೋರಿಸಿದ್ರು. ಅವನನ್ನ ಹಿಡಿದಿದ್ದಾರೆ ಅಂತ ಬರೆದು ತೋರಿಸಿದ್ರು. ಅವನು ಏನ್ ಮಾಡಿದ ಅಂತ ಈಗ ಅರ್ಥ ಆಯ್ತು ನನಗೆ.” ಅವನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. “ಅವನು ನನಗೋಸ್ಕರ ಕಲೀಲಿಲ್ಲ ಅಲ್ವಾ?”

ಆಗಲೂ ಅವಳು ಕೈ ಎತ್ತಲಿಲ್ಲ. ಕಣ್ಣಲ್ಲಿ ನೀರು ತುಂಬಿ ಗಾಜೆಲ್ಲ ಮಸುಕಾಯಿತು.

“ಅಳ್ಬೇಡ,” ಎಂದ ತಮ್ಮ. “ನಾನು ಯೋಚನೆ ಮಾಡಿದ್ದೀನಿ. ನಾನೇ ಕದ್ದೆ ಅಂತೀನಿ. ನಿನ್ನ ಬ್ಯಾಗಿಂದ. ಕಾಗದ ನೋಡಿದೆ, ದುಡ್ಡಿಗೆ ಮಾರಿದೆ. ಅಕ್ಕನಿಗೆ ಏನೂ ಗೊತ್ತಿಲ್ಲ. ಸರಿ ತಾನೇ?” ಅವಳು ಬೇಡ ಎಂದು ತಲೆಯಾಡಿಸಿದ್ದನ್ನು ಅವನು ನೋಡಲೇ ಇಲ್ಲ. ತಲೆ ತಗ್ಗಿಸಿ ಆ ಸುಳ್ಳನ್ನು ತಾಲೀಮು ಮಾಡತೊಡಗಿದ್ದ. ಕದ್ದೆ. ಬ್ಯಾಗಿಂದ ಕದ್ದೆ. ನಾನೇ ಕದ್ದೆ. ಬಣ್ಣ ಮೆತ್ತಿದ ಬೆರಳುಗಳು ತಪ್ಪುತ್ತಿದ್ದವು, ಅವನು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಬಿಳಿ ಕಾರಿನವನು ಹೇಳಿದ ಸುಳ್ಳೂ ಅದೇ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡೂ ಸೇರಿದರೆ ಜೈಲಿನ ಬಾಗಿಲಿಗೆ ಮೊಳೆ ಹೊಡೆದಂತೆಯೇ.

ಅವಳು ಎದ್ದು ಗಾಜನ್ನು ದಬದಬ ಬಡಿದಳು. ಅವನಿಗೆ ಅದೆಲ್ಲಿ ಕೇಳಿಸಬೇಕು? ಅವಳ ನೆರಳು ಅಲುಗಾಡಿದ್ದನ್ನು ಕಂಡು ತಲೆ ಎತ್ತಿದ. ಅವಳ ಕೈಗಳು ಮೇಲೆದ್ದಿದ್ದವು.

“ಬೇಡ! ಸುಳ್ಳು ಹೇಳ್ಬೇಡ. ನೀನು ಏನೂ ಕದ್ದಿಲ್ಲ. ಯಾವ ಕಾಗದಾನೂ ಇರಲಿಲ್ಲ. ಆಗಿದ್ದನ್ನ ಆಗಿದ್ದ ಹಾಗೇ ಹೇಳು. ನನ್ನ ಕೈ ಹೇಳ್ತು, ನೀನು ನೋಡಿದೆ. ಮೂರು ಸಲಾನೂ ನನ್ನ ಕೈಯೇ. ನಿನಗೆ ಅದು ಪಂದ್ಯ ಅಷ್ಟೇ. ದುಡ್ಡು ಕೇಳಿಲ್ಲ, ದುಡ್ಡು ತಗೊಂಡಿಲ್ಲ. ಸಿನಿಮಾ ಟಿಕೆಟ್ಟು.” ಇಷ್ಟು ದಿನ ಜೇಬಿನಲ್ಲಿ ಹೂತಿಟ್ಟಿದ್ದೆಲ್ಲ ಒಮ್ಮೆಗೇ ಕಟ್ಟೆಯೊಡೆದು ಹೊರಬಂತು. ಅವಳ ಕೈಗಳ ಓಟವನ್ನು ಅವಳೇ ಹಿಡಿಯಲಾರದಾದಳು.

ಆಗ ಅವಳು ತಮ್ಮನ ಬೆನ್ನ ಹಿಂದೆ ನೋಡಿದಳು. ಅವನ ಕೋಣೆಯ ಆಚೆ ಗೋಡೆಯೂ ಗಾಜಿನದೇ. ಅದರಾಚೆಯ ಮಬ್ಬಿನಲ್ಲಿ ನೆಗಡಿ ಸಾಹೇಬರು ಕರವಸ್ತ್ರ ಹಿಡಿದು ನಿಂತಿದ್ದರು. ಅವರ ಕಿವಿಯ ಬಳಿ ಒಬ್ಬ ಹೆಂಗಸು ನಿಂತಿದ್ದಳು, ಬೆಳಿಗ್ಗೆ ಕರೆಯಲು ಬಂದಿದ್ದವಳೇ. ಅವಳ ಕಣ್ಣು ನೆಟ್ಟಿದ್ದು ಅಕ್ಕನ ಕೈಗಳ ಮೇಲೆ. ತುಟಿಗಳು ಅಲ್ಲಾಡುತ್ತಿದ್ದವು. ಕೈ ನಿಂತ ಮೇಲೆಯೂ ಒಂದು ಕ್ಷಣ ಅಲ್ಲಾಡಿ ಆಮೇಲೆ ನಿಂತವು. ಆ ಒಂದು ಕ್ಷಣದ ಅಂತರ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಹೊಟ್ಟೆಪಾಡೇ ಆ ಅಂತರದಲ್ಲಿತ್ತು. ದುಭಾಷಿ ದಾರಿಯಲ್ಲಿ ಎಲ್ಲೂ ಸಿಕ್ಕಿಹಾಕಿಕೊಂಡಿರಲಿಲ್ಲ.

ಇಷ್ಟು ದಿನ ಯಾವುದಕ್ಕೆ ಹೆದರಿ ಸತ್ತಿದ್ದಳೋ ಅದು ಎದುರಿಗೇ ನಿಂತು, ತನ್ನ ಒಂದೊಂದು ಸನ್ನೆಯನ್ನೂ ಮಾತಾಗಿಸಿ ಸಾಹೇಬರ ಕಿವಿಗೆ ಸುರಿಯುತ್ತಿತ್ತು. ಕೈ ಇಳಿಸಿಬಿಡಬಹುದಿತ್ತು. ಆದರೆ ಆ ಹೆಂಗಸು ಇನ್ನೂ ಎಳಸು. ಹುಬ್ಬು ಗಂಟಿಕ್ಕಿತ್ತು, ತುಟಿಗಳು ತಡವರಿಸುತ್ತಿದ್ದವು. ಅಷ್ಟು ವೇಗದ ಕೈಮಾತಿನಲ್ಲಿ ಅವಳಿಗೆ ಅರ್ಧ ತಪ್ಪಿಹೋಗಿತ್ತು. ಯಾವ ಅರ್ಧ ತಪ್ಪಿತೋ ಯಾರಿಗೆ ಗೊತ್ತು.

ಅಕ್ಕ ಕಣ್ಣೊರೆಸಿಕೊಂಡಳು. ನೆಟ್ಟಗೆ ನಿಂತು, ಬೆಳಕು ಕೈಯ ಮೇಲೆ ಬೀಳುವಂತೆ ಒಂದು ಹೆಜ್ಜೆ ಮುಂದೆ ಬಂದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಇಟ್ಟು, ಆ ತುಟಿಗಳು ಅದನ್ನು ಹಿಡಿದು ಹೇಳಿ ಮುಗಿಸುವವರೆಗೂ ಕಾದು, ಆಮೇಲೆ ಮುಂದಿನದನ್ನು ಇಡುತ್ತಿದ್ದಳು.

“ಗುಟ್ಟು ಬಿಟ್ಟುಕೊಟ್ಟಿದ್ದು ನಾನು. ಪಾತ್ರೆ ತೊಳೆಯುವಾಗ. ನನ್ನ ಕೈ. ಇವನು ಕದ್ದಿಲ್ಲ. ಭಾಷಣ ಬರೆದವರು ಹೇಳಿಲ್ಲ. ಇವನಿಗೆ ಏನೂ ಗೊತ್ತಿರಲಿಲ್ಲ. ಏನೂ.”

ತಮ್ಮ ಹಿಂದೆ ತಿರುಗಿ ನೋಡಲಿಲ್ಲ. ಅಕ್ಕ ಕೊನೆಗೂ ಮಾತಾಡಿದಳಲ್ಲ ಎಂದು ಅವನ ಮುಖ ಅರಳಿತ್ತು.

“ಇಷ್ಟು ನಿಧಾನವಾಗಿ ಯಾಕೆ ಹೇಳ್ತಿದ್ದೀಯಾ ಅಕ್ಕ?” ಎಂದು ನಗುತ್ತ ಕೇಳಿದ. “ನಂಗೆ ಅರ್ಥ ಆಗುತ್ತೆ.”